ಲೈನಿಗೊಂದು ಟೋಕನ್

ಹಿಂದೂಪುರದ ಹೊರಗಿನ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನಾನು ಆರು ವರ್ಷದಿಂದ ಅಂಗಿಗೆ ಕಾಲರ್ ಹೊಲಿಯುತ್ತಿದ್ದೆ. ನಮ್ಮ ಲೈನಿನಲ್ಲಿ ಅರವತ್ತು ಹೆಂಗಸರು, ಅರವತ್ತು ಹೆಂಗಸರಿಗೆ ಒಂದು ಟೋಕನ್. ಟೋಕನ್ ಎಂದರೆ ಅಂಗೈಯಗಲದ ಪ್ಲೈವುಡ್ ತುಂಡು. ಅದು ಸೂಪರ್‌ವೈಸರ್ ಮೇಜಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದ್ದರೆ ತೆಗೆದುಕೊಂಡು ಬಾತ್‌ರೂಮಿಗೆ ಹೋಗಬಹುದು. ಮೊಳೆ ಖಾಲಿ ಇದ್ದರೆ, ಹೋದವಳು ಬರುವ ತನಕ ಕಾಲು ಬಿಗಿಹಿಡಿದುಕೊಂಡು ಕಾಲರ್ ಹೊಲಿಯಬೇಕು. ಎರಡನೇ ಸಲ ಟೋಕನ್ನಿಗೆ ಕೈ ಹಾಕಿದರೆ ಸೂಪರ್‌ವೈಸರ್ ತಲೆಯನ್ನೂ ಎತ್ತದೆ ತೆಲುಗಿನಲ್ಲಿ "ಮಳ್ಳೀನಾ?" ಎನ್ನುತ್ತಿದ್ದ. ಮತ್ತೆ ಬಂದೆಯಾ ಎಂದು. ಆ ಒಂದು ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ಕೈ ಹಿಂದೆಗೆದು ಮಿಷಿನ್ನಿಗೆ ವಾಪಸಾಗುತ್ತಿದ್ದೆ.

ಟೋಕನ್ನಿನ ಕಾಟ ಹೆಚ್ಚಾಗಿ ತಟ್ಟಿದ್ದು ನಮ್ಮ ಚಿಕ್ಕಮ್ಮನಿಗೆ. ನನ್ನ ತಾಯಿಯ ತಂಗಿ, ಕಲ್ಯಾಣದುರ್ಗದ ಕಡೆಯವಳು. ಮೂವತ್ತು ವರ್ಷ ಕಡಲೆಕಾಯಿ ಹೊಲದಲ್ಲಿ ಬಗ್ಗಿ, ಬಿಸಿಲು ಸಾಕು ಎಂದು ನನ್ನ ಮನೆಗೆ ಬಂದು, ನಮ್ಮ ಲೈನಿನಲ್ಲೇ ದಾರ ಕತ್ತರಿಸುವ ಹೆಲ್ಪರ್ ಆಗಿ ಸೇರಿದ್ದಳು. ತಲೆಯ ಮೇಲೆ ಫ್ಯಾನು ತಿರುಗುವ ಈ ಕೆಲಸ ಬಿಟ್ಟು ಮತ್ತೆ ಹೊಲಕ್ಕೆ ಹೋಗುವುದಿಲ್ಲ ಎಂದು ಮನೆದೇವರ ಮೇಲೆ ಆಣೆ ಮಾಡಿದ್ದಳು. ಆದರೆ ಅವಳಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಚೆನ್ನಾಗಿ ನೀರು ಕುಡಿ ಎಂದಿದ್ದರು. ಅವಳು 'ಮಳ್ಳೀನಾ'ಗೆ ಹೆದರಿ ಮಧ್ಯಾಹ್ನದ ಊಟದ ತನಕ ತೊಟ್ಟು ನೀರು ಮುಟ್ಟುತ್ತಿರಲಿಲ್ಲ. ಒಂದು ದಿನ ತಲೆ ಸುತ್ತಿ ಅಂಗಿಗಳ ರಾಶಿಯ ಮೇಲೆ ಬಿದ್ದಳು. ಇನ್ನೊಂದು ಸಲ ಹೀಗಾದರೆ ಕೆಲಸದಿಂದ ಕಳಿಸಿಬಿಡುತ್ತಾರೆ ಎಂದು ಫ್ಯಾಕ್ಟರಿಯ ನರ್ಸಮ್ಮ ಎಚ್ಚರಿಸಿದಳು.

"ನಮ್ಮ ಹೊಲದ ಕಡೆ ಗಿಡಾನೇ ಕಮ್ಮಿ ಕಣಮ್ಮ," ಅಂದಳು ಚಿಕ್ಕಮ್ಮ ಆ ಸಂಜೆ. "ಆದ್ರೂ ಮರೆಗೆ ಇದ್ದ ಒಂದು ಗಿಡ ಯಾವತ್ತೂ ಟೋಕನ್ ಕೇಳ್ಲಿಲ್ಲ."

ಮಾರ್ಚ್ ಎಂಟಕ್ಕೆ ಒಂದು ವಾರವಿರುವಾಗ ಆಫೀಸಿನ ಮೇಡಂ ನನ್ನನ್ನು ಕರೆದು, ಮಹಿಳಾ ದಿನದ ಚರಿತ್ರೆ, ಮಹತ್ವ ಎರಡನ್ನೂ ನೀನೇ ಹೇಳಬೇಕು ಎಂದರು. ಸಾಂಬಾರಿನ ವಿಷಯಕ್ಕೆ ಕ್ಯಾಂಟೀನಿನವನ ಜತೆ ಎರಡು ಸಲ ಜಗಳವಾಡಿದ್ದರಿಂದ ನಾನು ಮಾತುಗಾರ್ತಿ ಎಂದು ಹೆಸರಾಗಿತ್ತು. ನಾನೂ ಉಬ್ಬಿಹೋದೆ. ಮಗಳ ಫೋನಿನಲ್ಲಿ ಹುಡುಕಿ ಓದಿದೆ. ಅಲ್ಲಿಯ ತನಕ ಅದು ಗುಲಾಬಿ ಮಾರುವವರು ಹುಟ್ಟಿಸಿದ ಹಬ್ಬ ಅಂದುಕೊಂಡಿದ್ದೆ. ನೋಡಿದರೆ, ನೂರು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ನಮ್ಮ ಹಾಗೆಯೇ ಬಟ್ಟೆ ಹೊಲಿಯುತ್ತಿದ್ದ ಹೆಂಗಸರು ದುಡಿಯುವ ಗಂಟೆ ಕಮ್ಮಿ ಮಾಡಿ, ನಮಗೂ ಓಟು ಕೊಡಿ ಎಂದು ಬೀದಿಗೆ ಇಳಿದಿದ್ದರಂತೆ. ಆಮೇಲೆ ರಷ್ಯಾದ ಬಟ್ಟೆ ಗಿರಣಿಗಳ ಹೆಂಗಸರು ಹೊಟ್ಟೆಗೆ ಕೊಡಿ ಎಂದು ಕೆಲಸ ಬಿಟ್ಟು ಹೊರಗೆ ಬಂದ ದಿನವೇ ಮಾರ್ಚ್ ಎಂಟಂತೆ. ಹಬ್ಬ ನಮ್ಮದೇ, ನಮಗೇ ಗೊತ್ತಿಲ್ಲ. ಎರಡು ಪುಟ ಬರೆದು, ಕೊನೆಯಲ್ಲಿ ನಮ್ಮ ಟೋಕನ್ನಿನ ವಿಷಯವನ್ನೂ ಸೇರಿಸಿದೆ.

ಮೇಡಂ ಕೆಂಪು ಪೆನ್ನು ಹಿಡಿದು ಓದಿದರು. 'ಬೀದಿಗಿಳಿದರು' ಹೊಡೆದು 'ಕಷ್ಟಪಟ್ಟರು' ಎಂದು ಬರೆದರು. 'ಕೆಲಸ ಬಿಟ್ಟು ಹೊರಬಂದರು' ಎನ್ನುವಲ್ಲೂ 'ಕಷ್ಟಪಟ್ಟರು'. ಟೋಕನ್ ಪೂರ್ತಿ ಹೋಯಿತು, ಆ ಜಾಗದಲ್ಲಿ ಹೆಣ್ಣಿಗೆ ಭೂಮಿಯಷ್ಟು ತಾಳ್ಮೆ ಎಂಬುದು ಬಂತು.

"ನಾನು ಟೋಕನ್ ವಿಷ್ಯ ಹೇಳೇ ಹೇಳ್ತೀನಿ," ಎಂದೆ ಮನೆಗೆ ಬಂದು. "ಬೆಕ್ಕಿಗೆ ಗಂಟೆ ಕಟ್ಟೋಳು ನಾನೇ."

"ಕಟ್ಟಮ್ಮ," ಅಂದಳು ಚಿಕ್ಕಮ್ಮ. "ಕಟ್ಟಾದ್ಮೇಲೆ ನಂಗೆ ಒಂದ್ ಲೋಟ ನೀರು ಕೊಡು."

ಆ ದಿನ ಬಂತು. ಗೇಟಿನಲ್ಲಿ ಎಲ್ಲರಿಗೂ ಒಂದೊಂದು ಗುಲಾಬಿ ಕೊಟ್ಟರು. ವೇದಿಕೆಯ ಮೇಲೆ ಐದು ಕುರ್ಚಿ, ಐದರಲ್ಲೂ ಗಂಡಸರು. ಮೇಡಂ ಪಕ್ಕದಲ್ಲಿ ನಿಂತಿದ್ದರು. ಕಾರ್ಯಕ್ರಮಕ್ಕೆ ಹೋಗುವ ಒಂದು ಗಂಟೆಯನ್ನು ಸಂಜೆ ಕೂತು ತುಂಬಿಸಿಕೊಡಬೇಕು ಎಂದು ಮೊದಲೇ ಮೈಕಿನಲ್ಲಿ ಹೇಳಿ, ಆಮೇಲೆ ಶುಭಾಶಯ ಹೇಳಿದರು. ಕೇಕನ್ನು ಮ್ಯಾನೇಜರ್ ಕತ್ತರಿಸಿ ಮ್ಯಾನೇಜರೇ ತಿಂದರು.

ನನ್ನ ಸರದಿ ಬಂತು. ಮೈಕು ಹಿಡಿದು ನೋಡುತ್ತೇನೆ, ಎದುರಿಗೇ ಸೂಪರ್‌ವೈಸರ್ ಕೈಕಟ್ಟಿ ನಿಂತಿದ್ದಾನೆ. ಮೇಡಂ ತಿದ್ದಿದ ಕಾಗದ ಬಿಚ್ಚಿದೆ. ಅಮೆರಿಕದವರೂ ಕಷ್ಟಪಟ್ಟರು, ರಷ್ಯಾದವರೂ ಕಷ್ಟಪಟ್ಟರು, ಹೆಣ್ಣಿಗೆ ಭೂಮಿಯಷ್ಟು ತಾಳ್ಮೆ ಎಂದು ಗಿಣಿಯ ಹಾಗೆ ಒಪ್ಪಿಸಿ ಇಳಿದುಬಿಟ್ಟೆ. ಚಪ್ಪಾಳೆ ಜೋರಾಗಿತ್ತು. ನಾಚಿಕೆಯಿಂದ ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು.

"ಮೈಕು ಕೆಟ್ಟೋಗಿತ್ತೇನಮ್ಮ?" ಎಂದಳು ಚಿಕ್ಕಮ್ಮ, ಅಷ್ಟೇ.

ಆಮೇಲೆ ಮ್ಯೂಸಿಕಲ್ ಚೇರ್. ಒಂದೊಂದು ಲೈನಿನಿಂದ ಇಬ್ಬರು ಬರಬೇಕು ಎಂದಾಗ ನಮ್ಮವರು ಚಿಕ್ಕಮ್ಮನನ್ನು ತಮಾಷೆಗೆಂದು ತಳ್ಳಿದರು. ಕಲ್ಯಾಣದುರ್ಗದಲ್ಲಿ ಷೇರ್ ಜೀಪಿಗೆ ಹತ್ತಿ ಸೀಟು ಹಿಡಿದವಳಿಗೆ ಪ್ಲಾಸ್ಟಿಕ್ ಕುರ್ಚಿ ಯಾವ ಲೆಕ್ಕ. ಸೊಂಟದಲ್ಲೇ ನಾಲ್ಕು ಜನರನ್ನು ಪಕ್ಕಕ್ಕೆ ಸರಿಸಿದಳು. ಕೊನೆಗೆ ಉಳಿದಿದ್ದು ಒಂದು ಕುರ್ಚಿ, ಇವಳು, ಇನ್ನೊಂದು ಲೈನಿನ ಚುರುಕು ಹುಡುಗಿ. ಹಾಡು ಇನ್ನೂ ನಡೆಯುತ್ತಿರುವಾಗಲೇ ಚಿಕ್ಕಮ್ಮ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕುರ್ಚಿಯ ಮೇಲೆ ಎಸೆದು, ಆರಾಮವಾಗಿ ನಡೆಯತೊಡಗಿದಳು. ಹಾಡು ನಿಂತಿತು. ಹುಡುಗಿ ಓಡಿ ಕೂತಳು. ಕೂತವಳು ಕೆಳಗಿದ್ದ ಬಟ್ಟೆ ನೋಡಿ, "ಅಯ್ಯೋ, ಟವಲ್ ಹಾಕವ್ರೆ" ಎಂದು ತಾನೇ ಎದ್ದು ಜಾಗ ಬಿಟ್ಟಳು. ಇದು ಆಟದ ನಿಯಮವಲ್ಲ ಎಂದು ಮೇಡಂ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಟವಲ್ ಹಾಕಿದವರದೇ ಸೀಟು, ಬಸ್ಸಿಗೊಂದು ನ್ಯಾಯ ಫ್ಯಾಕ್ಟರಿಗೊಂದು ನ್ಯಾಯವೇ ಎಂದು ಹಾಲ್ ಪೂರ್ತಿ ತೀರ್ಪು ಕೊಟ್ಟಿತು.

ಬಹುಮಾನ ಒಂದು ದೊಡ್ಡ ಸ್ಟೀಲಿನ ನೀರಿನ ಬಾಟಲಿ. ಮ್ಯಾನೇಜರ್ ಅದನ್ನು ಕೈಗಿಟ್ಟು, ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕು, ಆರೋಗ್ಯವೇ ಭಾಗ್ಯ ಎಂದು ಬುದ್ಧಿ ಹೇಳಿ, ಎರಡು ಮಾತಾಡಿ ಅಮ್ಮ ಎಂದು ಮೈಕು ಕೊಟ್ಟರು.

ಚಿಕ್ಕಮ್ಮ ಬಾಟಲಿಯ ಮುಚ್ಚಳ ತೆಗೆದು ಒಳಗೆ ಇಣುಕಿದಳು.

"ಬಾಟ್ಲಿ ಚೆನ್ನಾಗೈತೆ ಸಾರ್. ನೀವ್ ಹೇಳ್ದಂಗೆ ಮೂರು ಲೀಟ್ರೂ ಕುಡೀತೀನಿ. ಕುಡುದ್ಮೇಲೆ ಎದ್ದು ಹೋಗ್ಬೇಕಾಯ್ತದೆ. ನಮ್ಮ ಲೈನಾಗೆ ಅರವತ್ತು ಜನ, ಒಂದೇ ಟೋಕನ್ನು. ಈ ಸೂಪರ್‌ವೈಸರಪ್ಪ ಮಳ್ಳೀನಾ ಅಂದ್ರೆ ನಿಮ್ ಹೆಸ್ರು ಹೇಳ್ಲಾ?"

ಯಾವುದೋ ಮೂಲೆಯಲ್ಲಿ ಯಾರೋ ಕಿಸಕ್ಕೆಂದರು, ಅಲ್ಲಿಂದ ನಗು ಲೈನಿನಿಂದ ಲೈನಿಗೆ ಹರಡಿತು. ಮ್ಯಾನೇಜರ್ ಮೇಡಂ ಕಡೆ ಬಾಗಿ, ಏನದು ಟೋಕನ್ ಎಂದು ಕೇಳಿದರು. ಮೇಡಂ ಉಳಿದ ಕೇಕು ನೋಡುತ್ತಿದ್ದರು. ಆಗ ನಾನೂ ಎದ್ದು, "ಚಿಕ್ಕಮ್ಮ ಹೇಳಿದ್ದು ನಿಜ ಸಾರ್, ಎಲ್ಲಾ ಲೈನಲ್ಲೂ ಹಂಗೇ" ಎಂದು ಕೂಗಿದೆ. ಧೈರ್ಯ ಬಂದು ಕೂಗಿದ್ದಲ್ಲ, ಅಷ್ಟು ನಗುವಿನಲ್ಲಿ ಯಾರ ದನಿ ಎಂದು ಗೊತ್ತಾಗಲಿಕ್ಕಿಲ್ಲ ಅಂದುಕೊಂಡಿದ್ದೆ. ಸೂಪರ್‌ವೈಸರ್ ತಿರುಗಿ ನೇರವಾಗಿ ನನ್ನನ್ನೇ ನೋಡಿದ. ಆದರೂ ನಾನು ಕೂರಲಿಲ್ಲ. ಪಕ್ಕದವಳು ಎದ್ದಳು. ಅವಳ ಪಕ್ಕದವಳೂ ಎದ್ದಳು.

ಮರುದಿನ ಮೇಜಿನ ಪಕ್ಕ ಮೊಳೆ ಮಾತ್ರ ಇತ್ತು, ಟೋಕನ್ ಇರಲಿಲ್ಲ. ಹತ್ತು ಗಂಟೆಗೆ ಚಿಕ್ಕಮ್ಮ ಗಟಗಟನೆ ಅರ್ಧ ಬಾಟಲಿ ಕುಡಿದು, ಎದ್ದು, ಮೇಜಿನ ಮುಂದೆಯೇ ಹಾದು ಹೋದಳು. ಸೂಪರ್‌ವೈಸರ್ ರಿಜಿಸ್ಟರ್ ತಿರುವುತ್ತ ಕೂತ. ವಾಪಸ್ ಬಂದವಳು ಬಾಟಲಿಯನ್ನು ನನ್ನ ಮಿಷಿನ್ ಮೇಲೆ ಇಟ್ಟಳು.

"ಕುಡಿಯಮ್ಮ. ನೀನೂ ಕುಡಿಯಲ್ಲ ಅಂತ ನಂಗೊತ್ತು."

ಕುಡಿದೆ. ಚಿಕ್ಕಮ್ಮನ ಕಾಯಿಲೆ, ಚಿಕ್ಕಮ್ಮನ ಕಷ್ಟ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ ನಾನು ಊಟದ ಗಂಟೆಗೆ ಮುಂಚೆ ನೀರು ಕುಡಿದು ಆರು ವರ್ಷವಾಗಿತ್ತು.