ತಾಯಿಯ ದನಿ, ಮಗನ ಬೆರಳು

ಸಾಂಗ್ಲಿಯ ವಿಶ್ರಾಮಬಾಗಿನಲ್ಲಿ ಹೊಲಗಳು ಪ್ಲಾಟುಗಳಾಗಿ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ವರ್ಷಗಳಲ್ಲಿ ಅನುಜಾ ಗಂಡ ವೃಷಭನೊಂದಿಗೆ ಅಲ್ಲಿ ಎರಡು ಕೋಣೆಯ ಮನೆ ಹಿಡಿದಳು. ಅತ್ತೆ ಜಿನಮತಿಯೂ ತಮ್ಮೂರು ಕವಲಾಪುರ ಬಿಟ್ಟು ಬಂದು ಜೊತೆಗಿದ್ದರು. ವೃಷಭ ಮದುವೆಯ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಊರಿಗೆ ಕಂಪ್ಯೂಟರ್ ಅಂಗಡಿಗಳು ಬಂದದ್ದೇ ತಡ, ಒಂದನ್ನು ಜೋಡಿಸಿಕೊಂಡು ಮನೆಗೆ ತಂದ. ತಾಯಿ ಬಸದಿಯಲ್ಲಿ ಹಾಡುತ್ತಿದ್ದ ಸ್ತವನವನ್ನು ರೆಕಾರ್ಡ್ ಮಾಡುವುದು ಅವನ ಆಸೆ. ಕೀಬೋರ್ಡಿನ ಭಾಗವನ್ನು ನುಡಿಸಿಟ್ಟ. ತಾಯಿಯ ದನಿ ಸೇರಿಸುವ ಮೊದಲೇ ಕಾಮಾಲೆ ಹತ್ತಿ ಮಿರಜಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ಒಂದು ಮಧ್ಯಾಹ್ನ ಧೂಳು ಒರೆಸಲು ಹೋದ ಅನುಜಾ ಕಂಪ್ಯೂಟರನ್ನೂ ಅದಕ್ಕೆ ಜೋಡಿಸಿದ್ದ ಕೀಬೋರ್ಡನ್ನೂ ಚಾಲೂ ಮಾಡಿದಳು. ಗಂಡ ಮಾಡುತ್ತಿದ್ದುದನ್ನು ನೋಡಿದ ನೆನಪಿನಲ್ಲೇ ಸ್ತವನವನ್ನು ತೆರೆದಳು. ಖಾಲಿ ಕುರ್ಚಿಯ ಮುಂದೆ ಕೀಬೋರ್ಡು ತಾನಾಗಿ ನುಡಿಯತೊಡಗಿತು. ಪ್ರತಿ ಸಾಲಿನ ಕೊನೆಯ ಸ್ವರಕ್ಕೆ ಮುನ್ನ ವೃಷಭ ಚೂರು ತಡೆಯುತ್ತಿದ್ದ. ಅದೇ ತಡೆ. ಅಡಿಗೆಮನೆಯಿಂದ ಜಿನಮತಿ ಹಿಟ್ಟಿನ ಕೈಯಲ್ಲೇ ಓಡಿಬಂದರು.

“ವೃಷಭ ಬಂದಾನೇನ?”

ಅನುಜಾ ಖಾಲಿ ಕುರ್ಚಿಯತ್ತ ಕೈ ತೋರಿಸಿದಳು.

ವೃಷಭನ ಜೊತೆ ತಬಲಾ ನುಡಿಸುತ್ತಿದ್ದ ಗೆಳೆಯ ಕೇತನ ಸಂಜೆ ಬಂದು ತಿಳಿಸಿ ಹೇಳಿದ. “ಇದಕ್ಕ ಮಿಡಿ ಅಂತಾರ್ರಿ ವೈನಿ. ಇದರಾಗ ಆವಾಜ ಇರೂದಿಲ್ಲ. ಯಾವ ಕೀ ಒತ್ತಿದಾ, ಎಷ್ಟ ಜೋರ ಒತ್ತಿದಾ, ಯಾವಾಗ ಬೆರಳ ತಗದಾ, ಅಷ್ಟ ಇರ್ತೈತಿ. ಕಂಪ್ಯೂಟರ್ ಹೇಳತೈತಿ, ಕೀಬೋರ್ಡ್ ಬಾರಸತೈತಿ.”

“ಅಂದ್ರ ಅವರ ಬೆರಳ ಉಳದಾವು,” ಎಂದಳು ಅನುಜಾ.

ಅಂದಿನಿಂದ ಮಧ್ಯಾಹ್ನವಾದರೆ ಸ್ತವನ ಹಚ್ಚಲೇಬೇಕು. ಜಿನಮತಿ ಕೀಬೋರ್ಡಿನ ಪಕ್ಕ ಚಹಾ ತಂದಿಡುತ್ತಿದ್ದರು. ಅನುಜಾ ಏನಾದರೂ ಅಂದರೆ, “ಮಾತಾಡಸಬ್ಯಾಡ, ಬಾರಸಾಕತ್ತಾನ,” ಎಂದು ಗದರುತ್ತಿದ್ದರು. ಬರಬರುತ್ತ ಅನುಜಾಳಿಗೂ ಆ ಕುರ್ಚಿಯ ಹಿಂದೆ ಹಾಯುವಾಗ ಸೆರಗು ಯಾರಿಗೂ ತಾಗದಂತೆ ಎಳೆದುಕೊಳ್ಳುವ ರೂಢಿಯಾಯಿತು.

ಸ್ತವನದಲ್ಲಿ ಒಂದು ಕಡೆ ಬೆರಳು ತಪ್ಪಿ ಪಕ್ಕದ ಕೀ ಮೇಲೆ ಬಿದ್ದಿತ್ತು. ಒಂದು ದಿನ ಅನುಜಾ ಪರದೆಯ ಮೇಲಿನ ಆ ಸ್ವರವನ್ನು ಮೌಸಿನಿಂದ ಎಳೆದು ಸರಿಯಾದ ಜಾಗಕ್ಕೆ ಕೂಡಿಸಿದಳು. ಕೇಳಲು ಹಿತವಾಯಿತು. ಸೇವ್ ಮಾಡಿ ಎದ್ದಳು. ಮರುದಿನ ಕೇಳುವಾಗ ಗುರುತಿಗಿದ್ದ ಆ ತಪ್ಪೇ ಇರಲಿಲ್ಲ. ತಾನು ತಿದ್ದಿದ್ದು ಎಲ್ಲಿ? ಎಷ್ಟು ಸಲ ಕೇಳಿದರೂ ಪತ್ತೆ ಹತ್ತಲಿಲ್ಲ. ಇಡೀ ಹಾಡಿನೊಳಗೆ ಎಲ್ಲೋ ಒಂದು ಕಡೆ ಗಂಡನಿಲ್ಲ, ತಾನಿದ್ದಾಳೆ.

ಅವಳು ಅಳುತ್ತ ಕೇತನನನ್ನು ಕರೆಸಿದಳು. “ಇನ್ನಷ್ಟು ಕೆಡಸೂಕಿಂತ ಮೊದಲ ಏನರ ಮಾಡೋ.”

“ಮೈಕ್ ಹಚ್ಚಿ ಆಡಿಯೊ ಮಾಡಿಡೂಣ್ರಿ. ಅದರಾಗ ಹಿಂಗ ಒಂದೊಂದ ಸ್ವರಾ ಹಿಡದ ಜಗ್ಗಾಕ ಬರೂದಿಲ್ಲ.”

ಕೋಣೆಯ ನಡುವೆ ಮೈಕು ನಿಂತಿತು. ಕೀಬೋರ್ಡು ನುಡಿಯತೊಡಗಿದಾಗ ಬಾಗಿಲಲ್ಲಿ ಕುಳಿತಿದ್ದ ಜಿನಮತಿ ಯಾರೂ ಕೇಳದೆಯೇ ಹಾಡಲು ಶುರುಮಾಡಿದರು. ಕೇತನ ನಿಲ್ಲಿಸಲಿಲ್ಲ. ಸ್ತವನ ಮುಗಿಯುವವರೆಗೂ ಮುದುಕಿಯ ದನಿ ಒಡೆಯಲಿಲ್ಲ.

ಸರಿಯಾಗಿ ಬಂದಿದೆಯೇ ನೋಡಲು ಮಿಡಿಯನ್ನೂ ಆಡಿಯೊವನ್ನೂ ಕೂಡಿಸಿ ಹಚ್ಚಿದರು. ಮೊದಲು ಎರಡೂ ಒಂದಾಗಿ ನಡೆದವು. ಆಮೇಲೆ ಮೆಲ್ಲಗೆ ಬಿರುಕು ಬಿಟ್ಟಿತು. ಸ್ಪೀಕರಿನೊಳಗೆ ತಾಯಿಯ ಹಾಡಿನೊಂದಿಗೆ ಒಬ್ಬ ವೃಷಭ ನುಡಿಸುತ್ತಿದ್ದ. ಎದುರಿನ ಕೀಬೋರ್ಡಿನಲ್ಲಿ ಇನ್ನೊಬ್ಬ, ಒಂದೊಂದು ಹೆಜ್ಜೆ ಹಿಂದೆ ಬೀಳುತ್ತ.

“ಇಬ್ಬರದಾರ,” ಎಂದರು ಜಿನಮತಿ. “ಒಬ್ಬಾಂವ ನನ್ನ ಕೂಡ ಬರಾಕತ್ತಾನ. ಇನ್ನೊಬ್ಬಾಂವ ಹಿಂದ ನಿಂತ ಕರ್ಯಾಕತ್ತಾನ.”

“ಎರಡರ ವೇಗ ಚೂರ ಬ್ಯಾರೆ ಬ್ಯಾರೆ ಐತ್ರಿ ಮಾವಶಿ. ನಾ ಕೂಡಸ್ತೇನಿ,” ಎಂದ ಕೇತನ.

“ಬ್ಯಾಡ. ಹಿಂದಿಂದ ಕರಿಯೂವಾಂವನ್ನ ಬಂದ ಮಾಡು.”

ಅನುಜಾ ಮಿಡಿಯನ್ನು ಮೌನಗೊಳಿಸಿದಳು. ಮರುದಿನ ಜಿನಮತಿ ಚಹಾ ತಂದಿಡಲಿಲ್ಲ. ಎರಡು ಮಳೆಗಾಲ ಕಳೆದು ಅವರು ನಿದ್ದೆಯಲ್ಲೇ ಹೋದರು.

ಅನುಜಾ ಕೇತನನಿಂದ ಕೆಲಸ ಕಲಿತು ಅದೇ ಕೋಣೆಯಲ್ಲಿ ಭಜನಾ ಮಂಡಳಿಗಳ ಹಾಡು ರೆಕಾರ್ಡ್ ಮಾಡತೊಡಗಿದಳು. ಸುತ್ತಲಿನ ಸಲಗರೆಯಿಂದ, ಡಿಗ್ರಜದಿಂದ ಜನ ಬರುತ್ತಾರೆ. ಹೊಸ ಕಂಪ್ಯೂಟರ್ ತಂದಾಗಲೆಲ್ಲ ಸ್ತವನದ ಎರಡೂ ಭಾಗಗಳನ್ನು ಮೊದಲು ನಕಲು ಮಾಡಿಕೊಳ್ಳುತ್ತಾಳೆ. ಅತ್ತೆಯ ಹಾಡನ್ನು ಆಗಾಗ ಕೇಳುತ್ತಾಳೆ. ಇನ್ನೊಂದನ್ನು, ಆ ಮಿಡಿಯನ್ನು, ಅಳಿಸಲೂ ಅವಳಿಗೆ ಆಗಿಲ್ಲ, ನುಡಿಸಲೂ ಧೈರ್ಯ ಬಂದಿಲ್ಲ.