ನನ್ನ ಮೊದಲ ಪಾಠದ ‘ಜೀ ಹಾಂ’

ಗೆಳೆಯರೇ, ಮಾಸ್ತರಿಕೆ ಕಲಿಯಲು ಕಲಬುರಗಿಯಿಂದ ಕಮಲಾಪುರದ ಶಾಲೆಗೆ ಬಂದವನು ಮೊದಲ ದಿನವೇ ಸುಸ್ತಾಗಿದ್ದೇನೆ. ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳಿಗೆ, ನಿಜಾಮ ಸರ್ಕಾರದ ಅಪ್ಪಣೆಯಂತೆ, ಮಳೆ ಹೇಗೆ ಬರುತ್ತದೆಂದು ಉರ್ದುವಿನಲ್ಲಿ ವಿವರಿಸಿದೆ. ಗಂಟಲು ಒಣಗಿತು.

“ಸಮಜೇ?”, ತಿಳಿಯಿತೇ ಎಂದೆ.

“ಜೀ ಹಾಂ” ಎಂದು ತರಗತಿಯೆಲ್ಲ ಒಂದೇ ದನಿಯಲ್ಲಿ ಹೇಳಿತು.

ಸಂಶಯ ಬಂದು, ಮುಂದೆ ಕುಳಿತಿದ್ದ ಶರಣಪ್ಪನನ್ನು ಕನ್ನಡದಲ್ಲೇ ಕೇಳಿದೆ. “ಏನ್ ತಿಳೀತೋ?”

“ಏನೂ ತಿಳಿಲಿಲ್ರೀ ಮಾಸ್ತರ. ಹಾಂ ಅಂದ್ರ ಲಗೂ ಮನಿಗಿ ಬಿಡ್ತಾರ್ರೀ.”

ಅಷ್ಟರಲ್ಲಿ ಹೆಡ್‌ಮಾಸ್ತರರು ಬಾಗಿಲಲ್ಲೇ ನಿಂತು, ಪಾರಸಿ ಬೆರೆತ ಉರ್ದುವಿನಲ್ಲಿ ಉದ್ದಕ್ಕೆ ಏನೋ ಹೇಳಿ ನನ್ನ ಮುಖ ನೋಡಿದರು. ಅರ್ಧವೂ ಅರ್ಥವಾಗಲಿಲ್ಲ.

“ಜೀ ಹಾಂ” ಎಂದೆ.

ಮಕ್ಕಳು ಹಾಂ ಅಂದು ಮನೆಗೆ ಹೋದರು. ನಾನು ಹಾಂ ಅಂದದ್ದಕ್ಕೆ ನಾಳೆಯಿಂದ ಎರಡನೆಯ ತರಗತಿಯೂ ನನಗೇ ಎಂದು ಆಮೇಲೆ ಜವಾನ ತಿಳಿಸಿದ.