ಪುಸ್ತಕದಲ್ಲಿ ನಾಲ್ಕು ಬೋಲ್ಟು

ಖಾನಾಪುರದ ಸಾತಪ್ಪ ಮಿಸ್ತ್ರಿ ಗಾಡಿಯ ಕೆಳಗೆ ಮಲಗಿದರೆ ಮಾತಾಡುವವನಲ್ಲ. ಎದ್ದು ಬಂದು ಆಡಿದ ಮಾತನ್ನು ಬದಲಿಸುವವನೂ ಅಲ್ಲ. ಬೆಳಗಾವಿಯ ಶಹಾಪುರದಲ್ಲಿ ಕೆಲಸ ಕಲಿತು ಮೂವತ್ತು ವರ್ಷ ನಟ್ಟು ಬಿಚ್ಚುವ ಪಾನಾ ಹಿಡಿದ ಕೈ ಅದು. ಸಾತಪ್ಪ ಹೇಳಿದನೆಂದರೆ ಮುಗಿಯಿತು ಎನ್ನುತ್ತಿತ್ತು ಊರು. ಇಂಥ ಒಳ್ಳೆಯ ಹೆಸರು ಭಾರಿ ಕೆಟ್ಟದ್ದು. ಅದರ ಅಡಿಯಲ್ಲಿ ಒಂದು ಸುಳ್ಳನ್ನು ಎಷ್ಟು ವರ್ಷ ಬೇಕಾದರೂ ಮುಚ್ಚಿಡಬಹುದು.

1979ರ ಬೇಸಿಗೆಯಲ್ಲಿ ಹಂಚಿನ ಕಾರ್ಖಾನೆಯ ಮಾಲೀಕ ಗುರುಪುತ್ರಪ್ಪನ ಕರಿ ಅಮೇರಿಕನ್ ಕಾರು ಕಾರ್ಖಾನೆಯ ಅಂಗಳದಲ್ಲೇ ನಿಂತುಬಿಟ್ಟಿತು. ಅವನ ಅಪ್ಪ ತಮ್ಮಣ್ಣ ಸಾವಕಾರರು 1938ರಲ್ಲಿ ಕೊಂಡ ಗಾಡಿ. ಗೇರ್ ಪೆಟ್ಟಿಗೆಯೊಳಗೆ ಎರಡು ಗೇರುಗಳ ಹಲ್ಲು ಮುರಿದಿದ್ದವು. ಬೆಳಗಾವಿಯ ಹಿಂದವಾಡಿಯ ಮನೆಯಿಂದ ಖಾನಾಪುರಕ್ಕೆ ದಿನಾ ಅದರಲ್ಲೇ ಬರುತ್ತಿದ್ದ ಗುರುಪುತ್ರಪ್ಪನಿಗೆ, ತೀರಿಹೋದ ಅಪ್ಪ ಇನ್ನೊಮ್ಮೆ ಹಾಸಿಗೆ ಹಿಡಿದಷ್ಟು ಸಂಕಟವಾಯಿತು. ಮುಂಬಯಿಯ ಹಳೇ ಸಾಮಾನಿನ ವ್ಯಾಪಾರಿಯ ಹತ್ತಿರ ಎರಡೇ ಸೆಟ್ಟು ಉಳಿದಿದ್ದವು, ಎರಡೂ ಬೇರೆ ಬೇರೆ ಪೆಟ್ಟಿಗೆಯವು. ಗಾಡಿಯ ಹೆಸರು ಬೇಡ, ಪೆಟ್ಟಿಗೆ ಯಾವುದು ತಿಳಿಸಿ, ನೀವು ಬಿಟ್ಟದ್ದು ಇವತ್ತೇ ಬೇರೆಯವರಿಗೆ ಹೋಗುತ್ತದೆ ಎಂದು ಅವನ ತಾರು ಬಂತು. ಅದನ್ನು ಓದುವುದು ಕೇಳಿದ್ದೇ ಸಾತಪ್ಪ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡ.

ಗುರುಪುತ್ರಪ್ಪ ಟ್ರಂಕ್ ಕಾಲ್ ಬುಕ್ ಮಾಡಿ, ಕಾರು ಕಂಪನಿಯ ಹಳೇ ಪುಸ್ತಕ ಬಿಡಿಸಿಕೊಂಡು ಆಫೀಸಿನಲ್ಲಿ ಕೂತ. ಫೋನು ಐದು ನಿಮಿಷಕ್ಕೂ ಬಂದೀತು, ಎರಡು ತಾಸಿಗೂ ಬಂದೀತು.

"ಪುಸ್ತಕದಾಗ ನಂಬರ್ ಐತಿ ಕಾಕಾ, ಅದನ್ನ ಹೇಳಿಬಿಡತೀನಿ. ನಮ್ಮ ಗಾಡಿ ಅಂದ್ರ ಒರಿಜಿನಲ್, ಹೌದಿಲ್ಲೋ?"

"ಹೂನ್ರಿ" ಎಂದು ಸಾತಪ್ಪ ಹೊರಗೆ ಬಂದ.

ಇಪ್ಪತ್ತೆರಡು ವರ್ಷದ ಹಿಂದೆ, ಸ್ವಂತ ಗ್ಯಾರೇಜು ತೆರೆದ ಹೊಸದರಲ್ಲಿ, ಇದೇ ಗಾಡಿಯ ಪೆಟ್ಟಿಗೆ ಇಳಿಸುವಾಗ ಅವನ ಕೈ ಜಾರಿತ್ತು. ಕಲ್ಲಿನ ಮೇಲೆ ಬಿದ್ದು ಪೆಟ್ಟಿಗೆ ಎರಡು ಹೋಳಾಯಿತು. ತಮ್ಮಣ್ಣ ಸಾವಕಾರರ ಸಿಟ್ಟಿಗೆ ಹೆದರಿ, ಬೆಳಗಾವಿಯಲ್ಲಿ ಮಿಲಿಟರಿಯವರು ಹರಾಜು ಹಾಕಿದ ಗಾಡಿಯೊಂದರ ಪೆಟ್ಟಿಗೆ ತಂದ. ಅದಕ್ಕೂ ಮೂರೇ ಗೇರು, ನಡೆಸುವವರಿಗೆ ವ್ಯತ್ಯಾಸ ತಿಳಿಯದು. ನಾಲ್ಕು ತೂತು ಹೊಸದಾಗಿ ಕೊರೆದು ಕೂರಿಸಿ, "ನಿಮ್ಮದನ್ನ ರಿಪೇರಿ ಮಾಡೀನ್ರಿ" ಎಂದುಬಿಟ್ಟ. ಸಾವಕಾರರು ಬೆನ್ನು ತಟ್ಟಿದರು. ಸಾಯುವಾಗಲೂ ಅದೇ ನಂಬಿಕೆಯಲ್ಲಿ ಸತ್ತರು.

ಈಗ ಆ ಪೆಟ್ಟಿಗೆ ಅಂಗಳದಲ್ಲಿ ಗೋಣಿಚೀಲದ ಮೇಲೆ ಕೂತಿತ್ತು. ಪುಸ್ತಕದ ಚಿತ್ರದಲ್ಲಿ ಮುಚ್ಚಳ ಬದಿಗಿದೆ, ನಾಲ್ಕು ಬೋಲ್ಟು. ಇದರ ಮುಚ್ಚಳ ಮೇಲಿದೆ, ಆರು ಬೋಲ್ಟು. ಎಣಿಸಲು ಬರುವ ಯಾರಿಗಾದರೂ ತಿಳಿಯುವಂಥದ್ದು. ಆದರೆ ಸಾತಪ್ಪ ಇರುವಾಗ ಗುರುಪುತ್ರಪ್ಪ ಏಕೆ ಎಣಿಸಬೇಕು?

ಸುಮ್ಮನಿದ್ದುಬಿಟ್ಟರೆ? ತಪ್ಪು ಸಾಮಾನು ಬಂದಾಗ "ಮುಂಬಯಿಯಾವ ಮೋಸ ಮಾಡ್ಯಾನ್ರಿ" ಎಂದರೆ ಸಾಕು, ಗುರುಪುತ್ರಪ್ಪ ನಂಬುತ್ತಾನೆ. ಸರಿಯಾದ ಸೆಟ್ಟು ಅಷ್ಟರಲ್ಲಿ ಬೇರೆಯವರ ಪಾಲಾಗಿರುತ್ತದೆ, ಗಾಡಿ ಮಾತ್ರ ಮತ್ತೆ ಏಳುವುದಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಣ್ಣುವವನು ಇನ್ನೊಬ್ಬ ಆಗುವುದರಲ್ಲಿತ್ತು. ಸಾತಪ್ಪನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಷ್ಟರಲ್ಲಿ ಫೋನು ರಿಂಗಾಯಿತು.

"ಹಲೋ! ಮುಂಬಯಿ?" ಎಂದು ಕಿರುಚುತ್ತ ಗುರುಪುತ್ರಪ್ಪ ಪುಸ್ತಕದ ನಂಬರಿನ ಮೇಲೆ ಬೆರಳಿಟ್ಟ. ಓಡಿಬಂದ ಸಾತಪ್ಪ ಎಣ್ಣೆ ಮೆತ್ತಿದ ಅಂಗೈಯನ್ನು ಆ ಪುಟದ ಮೇಲೆ ಊರಿಬಿಟ್ಟ.

"ಆ ನಂಬರ್ ಬ್ಯಾಡ್ರಿ ಸಾವಕಾರ್ರ! ಆ ಪೆಟಗಿ ಈ ಗಾಡ್ಯಾಗ ಇಲ್ಲ. ಐವತ್ತೇಳರಾಗ ನನ್ನ ಕೈಯಾಗ ಒಡದ ಹೋತು. ಇದು ಮಿಲಿಟರೀದು, ನಾನ ಹಾಕೀನಿ. ನಿಮ್ಮ ಅಪ್ಪಾರಿಗೆ ಸುಳ್ಳ ಹೇಳೀನಿ."

ರಿಸೀವರಿನಿಂದ ಹಲೋ, ಹಲೋ ಎಂಬ ಕೂಗು ಬರುತ್ತಲೇ ಇತ್ತು. ಗುರುಪುತ್ರಪ್ಪ ಅವನನ್ನೇ ನೋಡಿದ. "ಇದರ ನಂಬರ್ ಹೇಳು" ಎಂದ.

ಪೆಟ್ಟಿಗೆಯ ಅಡಿಯಲ್ಲಿ ಅಚ್ಚೊತ್ತಿದ್ದ ಅಂಕಿಗಳನ್ನು ಸಾತಪ್ಪ ನೋಡದೆಯೇ ಒಪ್ಪಿಸಿದ. ಮರೆಯಲು ಇಪ್ಪತ್ತೆರಡು ವರ್ಷ ಪಟ್ಟ ಪಾಡು ದಂಡವಾಗಿತ್ತು. ಗುರುಪುತ್ರಪ್ಪ ಒಂದೊಂದೇ ಅಂಕಿಯನ್ನು ಮುಂಬಯಿಗೆ ಕೂಗಿ ಹೇಳಿ ಫೋನು ಇಟ್ಟ.

"ಮತ್ತೇನೇನ ಬದಲಿ ಮಾಡೀದಿ?"

"ಮತ್ತೇನೂ ಇಲ್ರಿ. ಖರೇನ ಹೇಳ್ತೀನಿ."

ಗುರುಪುತ್ರಪ್ಪ ಪುಟಕ್ಕೆ ಮೆತ್ತಿದ ಎಣ್ಣೆ ಒರೆಸಿ ಪುಸ್ತಕ ಮುಚ್ಚಿದ.

ಹನ್ನೆರಡು ದಿನಕ್ಕೆ ಸಾಮಾನು ಬಂತು, ಸರಿಯಾಗಿ ಕೂತಿತು, ಗಾಡಿ ಓಡಿತು. ಗುರುಪುತ್ರಪ್ಪ ಬೇರೆ ಮಿಸ್ತ್ರಿಯನ್ನು ಹುಡುಕಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದೊಮ್ಮೆ ಫ್ಯಾನ್ ಬೆಲ್ಟು ಬದಲಿಸಿದಾಗ, "ತಗದದ್ದು ಎಲ್ಲೈತಿ? ತೋರ್ಸು" ಎಂದ. ಊರಿನವರು ಎಲ್ಲ ಮಿಸ್ತ್ರಿಗಳನ್ನೂ ಕೇಳುವ ಮಾತೇ ಅದು. ಸಾತಪ್ಪನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅದನ್ನು ಎರಡನೇ ಸಲ ಕೇಳುವ ಪ್ರಸಂಗವನ್ನೇ ಸಾತಪ್ಪ ತರಲಿಲ್ಲ. 1986ರಲ್ಲಿ ಕೆಲಸ ಬಿಡುವವರೆಗೂ, ಆ ಗಾಡಿಯಿಂದ ತೆಗೆದ ಪ್ರತಿ ನಟ್ಟನ್ನೂ ವಾಷರನ್ನೂ ಹಳೇ ಪೇಪರಿನ ಮೇಲೆ ಜೋಡಿಸಿ ಆಫೀಸಿನ ಮೆಟ್ಟಿಲ ಮೇಲಿಟ್ಟು, "ನೋಡ್ರಿ ಸಾವಕಾರ್ರ" ಎನ್ನುತ್ತಿದ್ದ. ಗುರುಪುತ್ರಪ್ಪ ಹೊರಗೆ ಬಂದು ಬಗ್ಗಿ ನೋಡುತ್ತಿದ್ದ. ನೋಡಿ ಮುಗಿಯುವ ತನಕ ಸಾತಪ್ಪ ತಲೆ ತಗ್ಗಿಸಿ ನಿಂತಿರುತ್ತಿದ್ದ.